ನೆಲ ಬಂತು

ಉಳ್ಳಾಗಡ್ಡಿ ಜಜ್ಜಿದ ವಾಸನೆ ಮೂಗಿಗೆ ಬಡಿದರೆ ಬೇರೆಯವರಿಗೆ ಅಡಿಗೆ ನೆನಪಾಗುತ್ತದೆ. ನನಗೆ ನಮ್ಮ ತವರುಮನೆಯ ತೊಲೆ ನೆನಪಾಗುತ್ತದೆ. ಒಲೆಯ ಹೊಗೆ ಹಿಡಿದು ಕರ್ರಗಾದ ಉದ್ದನೆಯ ತೊಲೆ. ಅದಕ್ಕೆ ಕಟ್ಟಿದ ಉಳ್ಳಾಗಡ್ಡಿ ಗೊಂಚಲು, ಮೊಸರಿನ ಗಡಿಗೆ ಕೂತ ನೆಲುವು, ಕುರಿಯ ಉಣ್ಣೆ ಕತ್ತರಿಸುವ ಕತ್ತರಿ, ಮೂಲೆಯಲ್ಲಿ ಒಂದು ಗುಬ್ಬಿ ಗೂಡು. ಹೆಂಚಿನ ಸಂದಿಯಿಂದ ಬಿಸಿಲಿನ ಕೋಲೊಂದು ಇಳಿದಿರುತ್ತಿತ್ತು, ಅದರೊಳಗೆ ಉಣ್ಣೆಯ ಧೂಳು ಏಳುತ್ತ ಇಳಿಯುತ್ತ ಇರುತ್ತಿತ್ತು. ಇದನ್ನೆಲ್ಲ ನಾನು ನಿಂತು ನೋಡಿದ್ದು ಕಡಿಮೆ, ಅಂಗಾತ ಬಿದ್ದು ನೋಡಿದ್ದೇ ಹೆಚ್ಚು. ನಮ್ಮದು ಬೀಳುವ ಮಂದಿಯ ಮನೆ. ಮೊನ್ನೆ ಮೊಮ್ಮಗಳ ಕಾಲಿಗೆ ಮೊಳೆ ಚುಚ್ಚಿತು. ರಕ್ತ ನೋಡಿದವಳೇ ಅಂಗಳದಲ್ಲಿ ಬಿದ್ದಳು. ಬಾಜು ಮನೆಯಾಕೆ ಉಳ್ಳಾಗಡ್ಡಿ ಜಜ್ಜಿಕೊಂಡು ಓಡಿ ಬಂದಳು. ಆ ವಾಸನೆಗೆ ನನ್ನ ಕಣ್ಣ ಮುಂದೆ ತೊಲೆ ಬಂತು, ತೊಲೆಯ ಕೆಳಗಿನ ಮಂದಿಯೂ ಬಂದರು. ಅವರಲ್ಲಿ ಒಬ್ಬರೂ ಈಗ ಇಲ್ಲ.

ದುಮ್ಮವಾಡದ ಹತ್ತಿರ ನಮ್ಮ ಊರು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು, ನನಗೆ ಹತ್ತೋ ಹನ್ನೊಂದೋ ಇರಬೇಕು. ಮನೆಯಲ್ಲಿ ಇದ್ದವರು ನಮ್ಮ ಆಯಿ, ಅಂದರೆ ಅಪ್ಪನ ತಾಯಿ; ಅಪ್ಪ ಬೀರಪ್ಪ; ಅವ್ವ; ಅಪ್ಪನ ತಂಗಿ ನೀಲವ್ವ ಅತ್ತಿ; ಆಮೇಲೆ ನಾನು. ಹೊಲ ಸ್ವಲ್ಪ ಇತ್ತು, ಕುರಿ ಬಹಳ ಇದ್ದವು. ಮನೆ ಪೂರಾ ಉಣ್ಣೆಯ ವಾಸನೆ, ಮಳೆಗಾಲದಲ್ಲಂತೂ ತೊಯ್ದ ಕಂಬಳಿಯ ವಾಸನೆ ಉಣ್ಣುವ ರೊಟ್ಟಿಗೂ ಹತ್ತಿರುತ್ತಿತ್ತು. ಆಯಿ ಬೀಳುತ್ತಿದ್ದಳು, ಅಪ್ಪ ಬೀಳುತ್ತಿದ್ದ, ಅತ್ತಿ ಬೀಳುತ್ತಿದ್ದಳು, ನಾನೂ ಬೀಳುತ್ತಿದ್ದೆ. ಅವ್ವ ಒಬ್ಬಳೇ ಬೇರೆ ಮನೆಯಿಂದ ಬಂದವಳು, ಆಕೆ ಬೀಳುತ್ತಿರಲಿಲ್ಲ. ಅದಕ್ಕೇ ಆಕೆಗೆ ನಮ್ಮೆಲ್ಲರ ಮೇಲೆ ಒಂದು ನಮೂನೆ ಸಿಟ್ಟು. ಇದು ದೊಡ್ಡ ರೋಗವಲ್ಲ. ಬಿಸಿಲಲ್ಲಿ ಬಹಳ ಹೊತ್ತು ನಿಂತರೆ, ರಕ್ತ ನೋಡಿದರೆ, ಎಲ್ಲಾದರೂ ಜೋರಾಗಿ ನೋವಾದರೆ ಬರುತ್ತಿತ್ತು. ಮೊದಲು ಆಕಳಿಕೆ. ಆಮೇಲೆ ಕಿವಿಯೊಳಗೆ ಜೀರುಂಡೆ ಕೂಗಿದ ಹಾಗೆ. ಹಣೆಯ ಮೇಲೆ ತಣ್ಣನೆ ಬೆವರು. ಎದುರು ಮಾತಾಡುವವರ ದನಿ ಬಾವಿಯ ತಳದಿಂದ ಬಂದಂತೆ ಕೇಳುತ್ತಿತ್ತು. ಅಷ್ಟಾದರೆ ನಮ್ಮ ಮನೆಯಲ್ಲಿ ಒಂದೇ ಮಾತು ಹೇಳುತ್ತಿದ್ದೆವು: "ನೆಲ ಬಂತು." ಹೇಳಿದವರು ಇದ್ದಲ್ಲೇ ಮಲಗಬೇಕು. ಸಂತೆಯಿರಲಿ, ಹೊಲದ ಬದುವಿರಲಿ, ನಾಚಬಾರದು. ಬೇರೆಯವರು ಅವರ ಕಾಲ ಕೆಳಗೆ ಕಂಬಳಿ ಸುತ್ತಿ ಇಟ್ಟು ತಮ್ಮ ಕೆಲಸಕ್ಕೆ ಹೋಗಬೇಕು. ಇದು ಆಯಿ ಮಾಡಿದ ಕಾನೂನು. ಒಂದು ಮನೆಯವರಿಗೆ ಮಾತ್ರ ಗೊತ್ತಿರುವ ಮಾತು ನಿಮ್ಮ ಮನೆಯಲ್ಲೂ ಇದ್ದೀತು. ಹೊಸ್ತಿಲು ದಾಟಿದರೆ ಅದು ಯಾರಿಗೂ ತಿಳಿಯುವುದಿಲ್ಲ.

ಅಪ್ಪ ಎತ್ತಿನಂಥ ಆಳು. ತೋಳ ಬಂದರೆ ಒಂದು ಬಡಿಗೆ ಹಿಡಿದು ಎದುರಿಗೆ ನಿಲ್ಲುತ್ತಿದ್ದ. ಆದರೆ ಉಣ್ಣೆ ಕತ್ತರಿಸುವಾಗ ಕುರಿಯ ಚರ್ಮಕ್ಕೆ ಕತ್ತರಿ ತಾಗಿ ಒಂದು ಹನಿ ರಕ್ತ ಬಂತೋ, ಮುಗಿಯಿತು, ಕತ್ತರಿ ಕೆಳಗೆ, ಅಪ್ಪ ಕುರಿಯ ಮೇಲೆ. ಹಾಗಾಗಿ ಕತ್ತರಿಸುವ ದಿನ ಆಯಿ ಅರಿಷಿಣದ ಬಟ್ಟಲು ಹಿಡಿದು ಅವನ ಬಾಜುವೇ ಕೂಡುತ್ತಿದ್ದಳು. ರಕ್ತ ಕಂಡರೆ ಅವನಿಗೆ ಕಾಣುವ ಮೊದಲೇ ಅರಿಷಿಣ ಒತ್ತಿಬಿಡಬೇಕು. ಒಂದೊಂದು ಸಲ ತಪ್ಪುತ್ತಿತ್ತು. ಕೈಸಹಾಯಕ್ಕೆ ಬಂದ ಗಂಡಸರು ಹೊಟ್ಟೆ ಹಿಡಿದು ನಗುತ್ತಿದ್ದರು.

"ಲೇ ಬೀರ್ಯಾ, ಕುರಿ ಮಲಗಸಂದ್ರ ನೀನ ಮಲಕೊಂಡಿಯಲ್ಲೋ."

ಅಪ್ಪ ಎಚ್ಚರಾದ ಮೇಲೆ ಮೀಸೆಗೆ ಹತ್ತಿದ ಉಣ್ಣೆ ಒರೆಸಿಕೊಂಡು ಮತ್ತೆ ಕತ್ತರಿ ಹಿಡಿಯುತ್ತಿದ್ದ. ಅವನಿಗೆ ಅದು ನಾಚಿಕೆಯ ಸಂಗತಿ ಅನಿಸಿದ್ದನ್ನು ನಾನು ನೋಡಲಿಲ್ಲ. ಗಂಡಸು ಬಿದ್ದರೆ ನಗೆ. ಹೆಣ್ಣುಮಗಳು ಬಿದ್ದರೆ ಬೇರೆ ಮಾತು ಹುಟ್ಟುತ್ತದೆ.

ನಮ್ಮ ಕಡೆ ಯಾರಾದರೂ ಬಿದ್ದರೆ ಮಂದಿ ಮೊದಲು ಮಾಡುವ ಕೆಲಸ ಎತ್ತಿ ಕೂಡಿಸುವುದು. ಇಬ್ಬರು ರಟ್ಟೆ ಹಿಡಿಯುತ್ತಾರೆ, ಒಬ್ಬರು ತಲೆ ಹಿಡಿಯುತ್ತಾರೆ, ಒಬ್ಬರು ಮುಷ್ಟಿಯೊಳಗೆ ಕಬ್ಬಿಣದ ಕೀಲಿ ತುರುಕುತ್ತಾರೆ, ಮತ್ತೊಬ್ಬರು ಮೂಗಿಗೆ ಉಳ್ಳಾಗಡ್ಡಿ ಇಲ್ಲವೇ ಚಪ್ಪಲಿ ಹಿಡಿಯುತ್ತಾರೆ. ಆಯಿಗೆ ಉಳ್ಳಾಗಡ್ಡಿಯ ಮೇಲೆ ತಕರಾರು ಇರಲಿಲ್ಲ. ಎಲ್ಲ ಮುಗಿದ ಮೇಲೆ ಜಜ್ಜಿದ ಅದೇ ಉಳ್ಳಾಗಡ್ಡಿಗೆ ಉಪ್ಪು ಹಚ್ಚಿ ಬಿದ್ದವರಿಗೇ ರೊಟ್ಟಿಯ ಜೊತೆ ಕೊಡುತ್ತಿದ್ದಳು, ಅದನ್ನು ಚೆಲ್ಲಿದ್ದು ನಾನು ಕಾಣೆ. ಆಕೆಯ ತಕರಾರು ಎತ್ತುವುದರ ಮೇಲೆ. ಎತ್ತಿದರೆ ಬಿದ್ದವರಿಗೆ ಬೇಗ ಎಚ್ಚರಾಗುವುದಿಲ್ಲ ಎಂಬುದನ್ನು ಆಕೆ ಕಂಡಿದ್ದಳು. ಯಾಕೆ ಎಂಬುದು ಆಕೆಗೂ ತಿಳಿದಿರಲಿಲ್ಲ.

ನೀಲವ್ವ ಅತ್ತಿಗೆ ದೇವಿಕೊಪ್ಪದ ಕಡೆಯಿಂದ ಗಂಡು ಕೂಡಿಬಂತು. ಅತ್ತಿ ನೋಡಲಿಕ್ಕೆ ಚೆಂದ ಇದ್ದಳು, ಉಣ್ಣೆ ನೂಲುವುದರಲ್ಲಿ ಆಕೆಯನ್ನು ಸರಿಗಟ್ಟುವವರು ಇರಲಿಲ್ಲ. ನಿಶ್ಚಯದ ದಿನ ಬೀಗರ ಹೆಂಗಸರು ಬಳೆಗಾರನನ್ನೂ ಕರೆದುಕೊಂಡೇ ಬಂದರು. ನಮ್ಮಲ್ಲಿ ಹಸಿರು ಗಾಜಿನ ಬಳೆ ಮುಂಗೈಗೆ ಬಿಗಿಯಾಗಿ ಕೂತರೆ ಚೆಂದ ಎಂಬ ಲೆಕ್ಕ. ಅವರೇ ಸಣ್ಣ ಅಳತೆಯ ಬಳೆ ಆರಿಸಿದರು. ಅತ್ತಿಯದು ದುಡಿದ ಕೈ, ಬೆರಳಿನ ಗೆಣ್ಣು ದೊಡ್ಡವು. ಬಳೆಗಾರ ಕೈ ಮಡಚಿ ಒತ್ತುತ್ತ ಒತ್ತುತ್ತ ಬಳೆ ಏರಿಸುತ್ತಿದ್ದ. ಅತ್ತಿ ಒಂದು ಸಲ ಆಕಳಿಸಿದಳು. ನನಗೆ ಗೊತ್ತಾಯಿತು. ಆದರೆ ಮುಂಜಾನೆಯೇ ಅವ್ವ ಆಕೆಯನ್ನು ಒಳಗೆ ಕರೆದು ಹೇಳಿದ್ದಳು:

"ಬೀಗರ ಮುಂದ ನೆಲ ಗಿಲ ಅನಬ್ಯಾಡ ಮತ್ತ. ಹಲ್ಲು ಕಚ್ಚಿ ಕುಂದ್ರು."

ಅತ್ತಿ ಹಲ್ಲು ಕಚ್ಚಿ ಕೂತಳು. ತುಟಿ ಬೆಳ್ಳಗಾಯಿತು, ಗೋಡೆಗೆ ಒರಗಿದಳು, ಕಣ್ಣು ಮೇಲಾದವು. ಬೀಗರ ಹೆಂಗಸರು ನಾಲ್ಕೂ ಕಡೆಯಿಂದ ಹಿಡಿದು ನೆಟ್ಟಗೆ ಕೂಡಿಸಿದರು. ಆಯಿ ಹಿತ್ತಲಲ್ಲಿ ಇದ್ದಳು, ಆಕೆ ಬರುವುದರೊಳಗೆ ಅತ್ತಿಯ ಕೈಕಾಲು ಝಾಡಿಸತೊಡಗಿದ್ದವು, ಹೊಸ ಬಳೆ ಗೋಡೆಗೆ ಬಡಿದು ಒಡೆದಿದ್ದವು. ಆಯಿ ಎಲ್ಲರನ್ನೂ ನೂಕಿ ಮಗಳನ್ನು ಅಂಗಾತ ಹಾಕಿದಳು. ಸ್ವಲ್ಪ ಹೊತ್ತಿಗೆ ಅತ್ತಿ ಕಣ್ಣು ಬಿಟ್ಟಳು, ತೊಲೆ ನೋಡಿದಳು, ಆಮೇಲೆ ಬೀಗರನ್ನು ನೋಡಿದಳು. ಅವರು ಚಹಾ ಮುಟ್ಟಲಿಲ್ಲ. ಗಂಡಿನ ಕಾಕಾ ಚಪ್ಪಲಿ ಮೆಟ್ಟುತ್ತ, ಆಮೇಲೆ ಹೇಳಿ ಕಳಿಸುತ್ತೇವೆ ಎಂದ. ಕಳಿಸಲಿಲ್ಲ. ಬದಲಿಗೆ ಬೀರಪ್ಪನ ತಂಗಿಗೆ ಮೂರ್ಛೆ ರೋಗ ಇದೆ ಎಂಬ ಮಾತು ಸಂತೆಯಿಂದ ಸಂತೆಗೆ ಹೋಯಿತು. ಒಂದು ವರ್ಷ ನಮ್ಮ ಮನೆಯ ಕಡೆ ಹೆಣ್ಣು ಕೇಳಲು ಯಾರೂ ತಿರುಗಿ ನೋಡಲಿಲ್ಲ. ಅತ್ತಿ ಅಳಲಿಲ್ಲ. ನೂಲುವ ಕೆಲಸ ಹೆಚ್ಚು ಮಾಡಿದಳು, ಮಾತು ಕಡಿಮೆ ಮಾಡಿದಳು. ಒಡೆದ ಬಳೆಯ ಚೂರು ನನ್ನ ಆಟಕ್ಕೆ ಬಂದವು.

ಕಡೆಗೆ ಆಯಿ ಆಕೆಯನ್ನು ಕಲಘಟಗಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಜೊತೆಗೆ ಅಪ್ಪ, ಹಿಂದೆ ನಾನು. ಡಾಕ್ಟರು ಸಮಾಧಾನದ ಮನುಷ್ಯ. ಬೀಳುವ ಮೊದಲು ಗೊತ್ತಾಗುತ್ತದೆಯೇ, ನಾಲಿಗೆ ಕಚ್ಚಿಕೊಳ್ಳುತ್ತಾಳೆಯೇ, ಎಷ್ಟು ಹೊತ್ತಿಗೆ ಎಚ್ಚರಾಗುತ್ತದೆ, ಮನೆಯಲ್ಲಿ ಇನ್ನು ಯಾರಿಗೆ ಹೀಗಾಗುತ್ತದೆ ಎಂದು ಒಂದೊಂದಾಗಿ ಕೇಳಿದರು. ಹೀಗೆ ಕೇಳುತ್ತಿರುವಾಗಲೇ ಕಂಪೌಂಡರ್ ಬೇರೆ ಯಾರಿಗೋ ಚುಚ್ಚಲು ಸೂಜಿ ಎತ್ತಿದ. ಬಾಗಿಲಲ್ಲಿ ನಿಂತ ಅಪ್ಪ ಅದನ್ನು ನೋಡಿ ಆಯಿಯ ಕಡೆ ತಿರುಗಿ, "ಅವ್ವಾ, ನೆಲ ಬಂತು" ಎಂದವನೇ ಅಲ್ಲೇ ಮಲಗಿದ. ಕಂಪೌಂಡರ್ ಎತ್ತಲು ಹೋದ, ಡಾಕ್ಟರು ಬೇಡ ಎಂದರು. ಕೆಳಗೆ ಕೂತು ಅಪ್ಪನ ಕೈ ಹಿಡಿದು ನಾಡಿ ನೋಡಿದರು, ಕಾಲು ಎತ್ತಿ ಬೆಂಚಿನ ಮೇಲೆ ಇಟ್ಟರು. ಅಪ್ಪನ ಬಣ್ಣ ತಿರುಗಿ ಬರುವುದನ್ನು ಆಯಿಗೂ ಅತ್ತಿಗೂ ತೋರಿಸುತ್ತ ತಿಳಿಸಿ ಹೇಳಿದರು. ಇದು ಫಿಟ್ಸ್ ಅಲ್ಲ. ನಿಮ್ಮ ವಂಶದಲ್ಲಿ ಬಂದ ಗುಣ. ನೋವು ಕಂಡರೆ, ರಕ್ತ ಕಂಡರೆ, ಬಹಳ ಹೊತ್ತು ನಿಂತರೆ ನಾಡಿ ನಿಧಾನವಾಗಿ ರಕ್ತ ಕಾಲಿಗೆ ಇಳಿಯುತ್ತದೆ, ತಲೆಗೆ ಸಾಲುವುದಿಲ್ಲ. ಮಲಗಿದರೆ ತಿರುಗಿ ಬರುತ್ತದೆ. ಎತ್ತಿ ಹಿಡಿದರೆ ತಲೆಗೆ ರಕ್ತ ಸಿಗದೆ ಕೈಕಾಲು ಝಾಡಿಸುತ್ತವೆ. ಅದನ್ನು ನೋಡಿ ಮಂದಿ ಮೂರ್ಛೆ ರೋಗ ಅಂತಾರೆ. ಉಪವಾಸ ಇರಬೇಡಿ, ನೀರು ಹೆಚ್ಚು ಕುಡಿಯಿರಿ, ಮಜ್ಜಿಗೆಗೆ ಉಪ್ಪು ಹಾಕಿ ಕುಡಿಯಿರಿ. ನಿಂತಾಗ ಬಂದರೆ ಕಾಲು ಕತ್ತರಿ ಹಾಕಿ ತೊಡೆ ಬಿಗಿ ಹಿಡಿಯಿರಿ, ಮುಷ್ಟಿ ಬಿಗಿ ಹಿಡಿಯಿರಿ. ಅದಕ್ಕೂ ಬಗ್ಗದಿದ್ದರೆ ಮಲಗಿಬಿಡಿ. ಇಷ್ಟೇ. ಗುಳಿಗೆ ಕೊಡಲಿಲ್ಲ, ಸೂಜಿ ಮಾಡಲಿಲ್ಲ.

ಬಸ್ಸಿನಲ್ಲಿ ಆಯಿ ಮಗಳ ಕಡೆ ತಿರುಗಿ ಹೇಳಿದಳು:

"ಮಾಡೂದು ಗೊತ್ತಿತ್ತು. ಯಾಕಂತ ಇವತ್ತು ಗೊತ್ತಾತು."

ಅವ್ವನಿಗೆ ಸಮಾಧಾನವಾಗಲಿಲ್ಲ. ಸೂಜಿಯೂ ಇಲ್ಲ, ಗುಳಿಗೆಯೂ ಇಲ್ಲ, ಮತ್ತೆ ಅಷ್ಟು ದೂರ ಯಾಕೆ ಹೋಗಿದ್ದಿರಿ ಎಂದು ಒಲೆಯ ಮುಂದೆ ಕೂತು ಗೊಣಗಿದಳು. ಅತ್ತಿ ಮಾತ್ರ ಮರುದಿನದಿಂದ ನೀರು ಸೇದಲು ಸಾಲಿನಲ್ಲಿ ನಿಂತಾಗ, ಹಿಟ್ಟಿನ ಗಿರಣಿಯಲ್ಲಿ ನಿಂತಾಗ ಸೀರೆಯೊಳಗೆ ಕಾಲು ಕತ್ತರಿ ಹಾಕಿ ರೂಢಿ ಮಾಡತೊಡಗಿದಳು. ಯಾರಿಗೂ ಕಾಣುತ್ತಿರಲಿಲ್ಲ. ನನಗೂ ಕಲಿಸಿದಳು. ಸಾಲೆಯ ಪ್ರಾರ್ಥನೆಯಲ್ಲಿ ನಾನು ಕಾಲು ಹೆಣೆದು ನಿಲ್ಲುತ್ತಿದ್ದೆ, ಮಾಸ್ತರರು ನೆಟ್ಟಗೆ ನಿಲ್ಲು ಎಂದು ಬಯ್ಯುತ್ತಿದ್ದರು. ಬೈಸಿಕೊಂಡೆ, ಬೀಳಲಿಲ್ಲ.

ಮುಂದೆ ಅಳ್ನಾವರದಿಂದ ಕೇಳಿಬಂದರು. ಗಂಡು ರೈಲಿನ ಹಳಿ ರಿಪೇರಿಯ ಕೆಲಸಕ್ಕೆ ಹೋಗುವವನು. ದೂರದ ಊರು, ನಮ್ಮ ಸಂತೆಯ ಮಾತು ಅಲ್ಲಿಗೆ ಮುಟ್ಟಿರಲಿಲ್ಲ. ಹೇಳಬೇಕೋ ಬೇಡವೋ ಎಂದು ಮನೆಯಲ್ಲಿ ಜಗಳವಾಯಿತು. ಹೇಳಿಯೇ ಕೊಡೋಣ, ಲಗ್ನವಾದ ಮೇಲೆ ಗೊತ್ತಾದರೆ ತಿರುಗಿ ತಂದು ಬಿಡುತ್ತಾರೆ ಎಂದು ಆಯಿ. ಹೇಳಿದರೆ ಲಗ್ನವೇ ಆಗುವುದಿಲ್ಲ, ಇದೂ ಹೋದರೆ ಹುಡುಗಿ ಈ ಮನೆಯಲ್ಲೇ ಮುದುಕಿಯಾಗುತ್ತಾಳೆ ಎಂದು ಅವ್ವ. ಅಪ್ಪ ಇಬ್ಬರ ಮಾತೂ ಕೇಳಿ, ಕುರಿ ಬಿಡುವ ಹೊತ್ತಾಯಿತು ಎಂದು ಎದ್ದು ಹೋದ. ಕಡೆಗೆ ಹೇಳುವುದು ಬೇಡ ಎಂದೇ ಆಯಿತು. ಈ ಸಲ ಬಳೆ ಆಯಿಯೇ ಆರಿಸಿದಳು, ದೊಡ್ಡ ಅಳತೆಯವು. ನಿಶ್ಚಯ ಸುರಳೀತ ಮುಗಿಯಿತು.

ಲಗ್ನ ನಮ್ಮ ಊರಲ್ಲಿ, ಕಡುಬೇಸಿಗೆಯಲ್ಲಿ. ಅಕ್ಕಿಕಾಳು, ಅಂದರೆ ಅಕ್ಷತೆ, ಬೀಳುವವರೆಗೆ ಮದುಮಕ್ಕಳು ಏನೂ ತಿನ್ನಬಾರದು ಎಂಬುದು ಪದ್ಧತಿ. ಆಯಿ ಮುಂಜಾನೆಯೇ ಉಣ್ಣೆಯ ಕೋಣೆಯಲ್ಲಿ ಒಂದು ತಂಬಿಗೆ ಉಪ್ಪಿನ ಮಜ್ಜಿಗೆ, ಒಂದು ರೊಟ್ಟಿ ಇಟ್ಟುಕೊಂಡು ಕೂತಿದ್ದಳು. ಅತ್ತಿ ಒಲ್ಲೆ ಎಂದಳು. ಒಂದು ಸಲ ಮುರಿದ ಸಂಬಂಧ, ಈ ಸಲ ಒಂದು ಶಾಸ್ತ್ರವೂ ತಪ್ಪಬಾರದು ಎಂಬ ಹಟ. ಆಯಿ ಬೇಡಿಕೊಳ್ಳುವ ಹೆಂಗಸಲ್ಲ. ಮಜ್ಜಿಗೆ ತಾನೇ ಕುಡಿದು, ಒಂದು ಕಂಬಳಿ ಸುತ್ತಿ ಬಗಲಲ್ಲಿ ಇಟ್ಟುಕೊಂಡು ಹಂದರಕ್ಕೆ ಬಂದಳು.

ನಾನು ಕಳಸಗಿತ್ತಿ. ಹೊಸ ಪರಕಾರ ಉಟ್ಟು, ಕಳಸದ ತಟ್ಟೆ ಹಿಡಿದು ಅತ್ತಿಯ ಬಾಜುವೇ ನಿಂತಿದ್ದೆ. ನಡುವೆ ಅಂತರಪಟ, ಆಚೆ ಗಂಡು. ಹಂದರದ ತುಂಬ ಮಂದಿ, ಎಲ್ಲರ ಮುಷ್ಟಿಯಲ್ಲೂ ಅಕ್ಕಿಕಾಳು. ಹೂವಿನ ವಾಸನೆ, ಬೆವರಿನ ವಾಸನೆ, ಆಚೆ ಕುದಿಯುವ ಸಾರಿನ ವಾಸನೆ. ಅಯ್ಯನವರು ಮಂತ್ರ ಉದ್ದಕ್ಕೆ ಹೇಳುತ್ತಲೇ ಇದ್ದರು. ಬಾಸಿಂಗದ ಕೆಳಗೆ ಅತ್ತಿ ಆಕಳಿಸಿದಳು. ಕೆಳಗೆ ನೋಡಿದೆ. ಸೀರೆಯ ಅಂಚಿನ ಕೆಳಗೆ ಹೆಜ್ಜೆಗಳು ಒಂದರ ಮೇಲೊಂದು ಹೆಣೆದಿದ್ದವು, ಮುಷ್ಟಿ ಬಿಗಿದಿತ್ತು. ತುಟಿಗೆ ಸ್ವಲ್ಪ ಬಣ್ಣ ಬಂತು. ಅಯ್ಯನವರು ಇನ್ನೊಂದು ಶುರು ಮಾಡಿದರು. ಮತ್ತೆ ಬಣ್ಣ ಹೋಯಿತು. ಹಿಂದಿನಿಂದ ಅವ್ವ, ಇನ್ನು ಸ್ವಲ್ಪ ತಡಿ, ಮುಗಿಯುತ್ತ ಬಂತು ಎಂದು ಪಿಸುಗುಟ್ಟುತ್ತಿದ್ದಳು. ಅತ್ತಿ ನನ್ನ ಕಡೆ ನೋಡಿದಳು. ದೇವಿಕೊಪ್ಪದವರ ಮುಂದೆ ಹಲ್ಲು ಕಚ್ಚಿ ಕೂತವಳ ಮುಖ ಅದಾಗಿರಲಿಲ್ಲ. ಎಲ್ಲರಿಗೂ ಕೇಳುವಂತೆ, "ನೆಲ ಬಂತು" ಎಂದಳು. ಎಂದವಳೇ ಸೀರೆ ಸರಿಮಾಡಿಕೊಂಡು ಕೂತು, ಬಾಸಿಂಗ ಸಮೇತ ಅಂಗಾತ ಮಲಗಿದಳು.

ಮಂದಿ ಒಮ್ಮೆಲೇ ಮುಂದೆ ನುಗ್ಗಿದರು. ಕೀಲಿ ತನ್ನಿ, ಉಳ್ಳಾಗಡ್ಡಿ ತನ್ನಿ ಎಂಬ ಗದ್ದಲ. ಆಯಿ ನಡುವೆ ಬಂದು ಕಂಬಳಿಯ ಸುರುಳಿಯನ್ನು ಮಗಳ ಕಾಲ ಕೆಳಗೆ ತಳ್ಳಿ, ಎರಡೂ ಕೈ ಚಾಚಿ ಅಡ್ಡ ನಿಂತಳು.

"ಯಾರೂ ಎತ್ತಬ್ಯಾಡ್ರಿ. ತಾನ ಏಳ್ತಾಳ."

ಇಷ್ಟರಲ್ಲಿ ಆಗಬಾರದ್ದು ಆಯಿತು. ಬಾಜಾದವರು ಹಂದರದ ಹೊರಗೆ ಕೂತಿದ್ದರು, ಅವರಿಗೆ ಒಳಗಿನದು ಕಾಣುತ್ತಿರಲಿಲ್ಲ. ಮಂದಿ ಎದ್ದು ನುಗ್ಗಿದ್ದು ನೋಡಿ ಮುಹೂರ್ತವಾಯಿತು ಎಂದುಕೊಂಡು ಒಮ್ಮೆಲೇ ಜೋರಾಗಿ ಬಾರಿಸಿದರು. ಬಾಜಾ ಕೇಳಿದ ಕೂಡಲೇ ಹಿಂದಿನವರು ಅಕ್ಕಿಕಾಳು ಎಸೆದರು. ಅವರು ಎಸೆದದ್ದು ನೋಡಿ ನಡುವಿನವರೂ ಎಸೆದರು. ಅಕ್ಕಿಕಾಳು ಎಲ್ಲ ಬಂದು ನೆಲದ ಮೇಲೆ ಮಲಗಿದ ಅತ್ತಿಯ ಮೇಲೆ, ಅಂತರಪಟ ಹಿಡಿದವರು ಅದನ್ನು ಕೈಬಿಟ್ಟದ್ದರಿಂದ ಆಚೆ ಬಾಯಿ ತೆರೆದು ನಿಂತ ಗಂಡಿನ ಮೇಲೆ ಬಿದ್ದವು. ಅಯ್ಯನವರು ಮಾತು ನಿಲ್ಲಿಸಿದರು. ಬಾಜಾ ಮಾತ್ರ ನಡೆದೇ ಇತ್ತು.

ಗಂಡಿನ ತಾಯಿ ಮಂದಿಯನ್ನು ಸರಿಸಿಕೊಂಡು ಬಂದಳು. ಗಟ್ಟಿ ಹೆಂಗಸು, ಗಟ್ಟಿ ದನಿ. ಇದು ಎಂದಿನಿಂದ ಇದೆ ಎಂದು ಕೇಳಿದಳು. ಹುಟ್ಟಿನಿಂದ, ನನಗೂ ಇದೆ, ನನ್ನ ಮಗನಿಗೂ ಇದೆ, ಈ ಕಳಸ ಹಿಡಿದವಳಿಗೂ ಇದೆ ಎಂದಳು ಆಯಿ.

"ಮತ್ತ ನಮಗ ಯಾಕ ಹೇಳಲಿಲ್ಲ?"

"ಹೇಳಬೇಕಿತ್ರಿ. ಹೇಳಲಿಲ್ಲ. ಈಗ ನೀವ ನಿಂತು ನೋಡ್ರಿ, ಇದು ಏನು, ಎಷ್ಟು ಅಂತ."

ಆಕೆ ನೋಡಿದಳು. ಬಗ್ಗಿ ಅತ್ತಿಯ ಬಾಯಿ ನೋಡಿದಳು, ನೊರೆ ಇರಲಿಲ್ಲ. ಕೈ ನೋಡಿದಳು, ಬಳೆ ಅಲುಗಿರಲಿಲ್ಲ. ಅಪ್ಪ ಕಂಬ ಹಿಡಿದು ನಿಂತಿದ್ದ, ಅವನ ಮುಖವೂ ಬೆಳ್ಳಗಾಗಿತ್ತು. ಅತ್ತಿಯ ತುಟಿಗೆ ಮೊದಲು ಬಣ್ಣ ಬಂತು, ಆಮೇಲೆ ಕೆನ್ನೆಗೆ. ಕಣ್ಣು ಬಿಟ್ಟಳು. ಮೇಲೆ ತೊಲೆ ಇರಲಿಲ್ಲ, ಹಂದರದ ಮಾವಿನ ತಳಿರು ಇತ್ತು, ತನ್ನ ಮೇಲೆ ಬಗ್ಗಿದ ಗಂಡಿನ ತಾಯಿಯ ಮುಖ ಇತ್ತು. ರೆಪ್ಪೆಯ ಮೇಲಿನ ಅಕ್ಕಿಕಾಳು ಒರೆಸಿಕೊಂಡು, "ಅಕ್ಕಿಕಾಳು ಬಿದ್ದೂವೇನ್ರಿ?" ಎಂದು ಕೇಳಿದಳು.

ಗಂಡಿನ ಕಡೆಯ ಹಿರಿಯನೊಬ್ಬ, ಇದು ಲಗ್ನ ಅನಿಸುತ್ತದೆಯೇ, ಮದುಮಗಳು ಮಲಗಿದ್ದಾಳೆ ಎಂದು ಶುರು ಮಾಡಿದ. ಗಂಡಿನ ತಾಯಿ ನೆಟ್ಟಗಾಗಿ ಸೊಂಟದ ಮೇಲೆ ಕೈ ಇಟ್ಟು ಅವನಿಗೆ ಹೇಳಿದಳು:

"ಸುಮ್ನಿರಪಾ. ಬಾಜಾ ಆತು, ಅಕ್ಕಿಕಾಳು ಬಿದ್ದೂವು. ನಿಂತಿರಲಿ, ಮಲಗಿರಲಿ, ಇನ್ನ ಇಕಿ ನಮ್ಮಾಕಿ. ಮೊದಲ ಉಣ್ಣಾಕ ಹಾಕ್ರಿ ಇಕಿಗೆ."

ಹೀಗೆ ನಮ್ಮ ಅತ್ತಿಯ ಲಗ್ನವಾಯಿತು. ತಾಳಿ ಕೂತು ಕಟ್ಟಿಸಿಕೊಂಡಳು. ಅಳ್ನಾವರದಲ್ಲಿ ಆಕೆಗೆ ಕಡೆಯತನಕ ಮಲಗಿ ಲಗ್ನವಾದಾಕೆ ಎಂದೇ ಹೆಸರು. ಆಕೆ ಅದಕ್ಕೆ ಬೇಸರ ಮಾಡಿಕೊಳ್ಳಲಿಲ್ಲ. ಆ ಮನೆಯಲ್ಲೂ ಆಗಾಗ ಬಿದ್ದಳು, ಅವರು ಎತ್ತಲಿಲ್ಲ. ಆಕೆಯ ಅತ್ತೆ, ಸೊಸೆಗೆ ನೆಲ ಬಂದಿದೆ ಎಂದು ಬಾಜು ಮನೆಯವರಿಗೆ ಹೇಳುತ್ತಿದ್ದಳಂತೆ. ನಮ್ಮ ಮಾತು ಹೊಸ್ತಿಲು ದಾಟಿದ್ದು ಅದೊಂದೇ ಸಲ.

ಆ ದಶಕ ಮುಗಿಯುವ ಮೊದಲೇ ಆಯಿ ಹೋದಳು. ರೋಗವೇನಿಲ್ಲ, ವಯಸ್ಸಾಗಿತ್ತು. ನಮ್ಮ ಪದ್ಧತಿಯಂತೆ ಕಡೆಗೆ ಹಾಸಿಗೆಯಿಂದ ಇಳಿಸಿ ನೆಲಕ್ಕೆ ಹಾಕಿದರು. ಮಧ್ಯಾಹ್ನದ ಹೊತ್ತು, ಹೆಂಚಿನ ಸಂದಿಯ ಬಿಸಿಲು ಆಕೆಯ ಹೊದಿಕೆಯ ಮೇಲೆ ಬಿದ್ದಿತ್ತು. ಅತ್ತಿ ಅಳ್ನಾವರದಿಂದ ಬಂದವಳು ಕೈಚೀಲ ಇಟ್ಟು, ತಾಯಿ ನೆಲದ ಮೇಲೆ ಇರುವುದು ನೋಡಿ, ಮೂಲೆಯ ಕಂಬಳಿ ಸುತ್ತಿ ಆಕೆಯ ಕಾಲ ಕೆಳಗೆ ಇಟ್ಟಳು. ರೂಢಿ. ಆಯಿ ಕಣ್ಣು ಬಿಟ್ಟು ತೊಲೆ ನೋಡುತ್ತಿದ್ದಳು.

"ತಗಿ ಅದನ್ನ. ಈ ಸಲ ಏಳೂದಿಲ್ಲ" ಎಂದಳು.

ಅತ್ತಿ ತೆಗೆದಳು. ಆಮೇಲೆ ಅವ್ವ ಹೋದಳು, ಅಪ್ಪ ಹೋದ, ಅತ್ತಿಯೂ ಹೋದಳು. ನಮ್ಮ ಮನೆಯಲ್ಲಿ ಬಿದ್ದು ಸತ್ತವರು ಯಾರೂ ಇಲ್ಲ, ಎಲ್ಲರೂ ಮಲಗಿಯೇ ಸತ್ತರು. ಕುರಿ ಮಾರಿದೆವು. ಒಂದು ಮಳೆಗಾಲ ಗೋಡೆ ಕುಸಿದು ಕೂತಿತು. ಹೆಂಚು ಒಬ್ಬರು ಒಯ್ದರು, ತೊಲೆ ಇನ್ನೊಬ್ಬರು ಒಯ್ದು ದನದ ಕೊಟ್ಟಿಗೆಗೆ ಹಾಕಿದರು ಎಂದು ಕೇಳಿದ್ದೇನೆ. ಹೋಗಿ ನೋಡಿಲ್ಲ. ಬೇರೆಯವರ ಕೊಟ್ಟಿಗೆಯಲ್ಲಿ ಮಲಗಿ ಮೇಲೆ ನೋಡಲು ಆಗುತ್ತದೆಯೇ.

ಮೊನ್ನೆ ಮೊಮ್ಮಗಳು ಬಿದ್ದಾಗ ಬಾಜು ಮನೆಯಾಕೆ ರಟ್ಟೆ ಹಿಡಿದು ಎತ್ತಲು ಹೋದಳು. ಬೇಡ ಎಂದೆ. ಇಬ್ಬರೂ ಸೇರಿ ಹುಡುಗಿಯನ್ನು ಮಲಗಿಸಿಕೊಂಡೇ ನೆರಳಿಗೆ, ಒಳಗಿನ ನೆಲಕ್ಕೆ ತಂದೆವು. ಕಂಬಳಿ ಈಗ ಮನೆಯಲ್ಲಿ ಇಲ್ಲ, ಕಾಲ ಕೆಳಗೆ ದಿಂಬು ಇಟ್ಟೆ. ಬಣ್ಣ ಬಂತು, ಕಣ್ಣು ಬಿಟ್ಟಳು. ಏನಾಯಿತು ಎಂದು ಕೇಳಿದಳು. ನೆಲ ಬಂದಿತ್ತು ಎಂದೆ. ತಿಳಿಯಲಿಲ್ಲ ಆಕೆಗೆ. ಹೇಳಿಕೊಟ್ಟೆ: ಆಕಳಿಕೆ, ಕಿವಿಯ ಜೀರುಂಡೆ, ತಣ್ಣನೆ ಬೆವರು, ಆಗ ಹೇಳುವ ಮಾತು. ಒಂದು ಸಲ ಅನ್ನಿಸಿದೆ. ನಕ್ಕಳು, ಅಂದಳು. ನನ್ನ ಮುರುಕು ಮೊಣಕಾಲು ಮಡಚಿ ನಾನೂ ಆಕೆಯ ಬಾಜು ಅಂಗಾತ ಮಲಗಿದೆ. ಮೇಲೆ ಬಿಳಿ ಸ್ಲ್ಯಾಬು, ಒಂದು ಫ್ಯಾನು. ಏನು ನೋಡುತ್ತಿದ್ದೀ ಆಯಿ ಎಂದು ಕೇಳಿದಳು.

"ಏನಿಲ್ಲ. ನೋಡೂದು ಏನೂ ಉಳದಿಲ್ಲ ಅಲ್ಲೆ. ಸುಮ್ನ ಮಲಗು" ಎಂದೆ.

ಆಮೇಲೆ ಇಬ್ಬರೂ ಎದ್ದೆವು. ಜಜ್ಜಿದ ಉಳ್ಳಾಗಡ್ಡಿ ಅಲ್ಲೇ ಬಿದ್ದಿತ್ತು. ತೊಳೆದು, ಉಪ್ಪು ಹಚ್ಚಿ, ರೊಟ್ಟಿಯ ಜೊತೆ ಆಕೆಗೆ ಕೊಟ್ಟೆ.